ಕಡಲಿಗೆ ವಾಚ್ ಕಟ್ಟಿದ ವಿಡಿಯೋ

ಪ್ರಣೀತಾಳನ್ನು ಕಂಡರೆ ಗುಣಪಾಲ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಉಪ್ಪುಂದದ ಆ ಶಾಲೆಗೆ ಅವಳು ಅತಿಥಿ ಶಿಕ್ಷಕಿಯಾಗಿ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಯಾರೋ ದಾನಿಗಳು ಕೊಟ್ಟ ದೊಡ್ಡ ಟಿ.ವಿ. ಎರಡು ವರ್ಷದಿಂದ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಆ ಬೆಡ್‌ಶೀಟ್ ತೆಗೆದವಳು ಅವಳು. ಇಪ್ಪತ್ತಾರು ವರ್ಷ ಬರೀ ಸೀಮೆಸುಣ್ಣದಲ್ಲಿ ಸಂಸಾರ ಮಾಡಿದ ಮೇಷ್ಟ್ರಿಗೆ ಅದು ತನ್ನ ಮುಂಡಾಸು ಎಳೆದ ಹಾಗಾಯಿತು.

"ಅತಿಥಿ ಅಂದ್ರೆ ಎರಡ್ ದಿನ ಇದ್ದ್ ಹೋಪರ್, ಟೀಚರ್," ಎಂದರು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ. "ಮನಿ ಸಾಮಾನ್ ಮುಟ್ಟುದಲ್ಲ."

ಪ್ರಣೀತಾ ಎದುರುತ್ತರ ಕೊಡುವ ಜಾತಿಯವಳೇ ಅಲ್ಲ. ಹೇಳಬೇಕಾದ ಮಾತು ಅವಳಿಗೆ ಯಾವಾಗಲೂ ಸಂಜೆಯ ಬಸ್ಸು ಹತ್ತಿದ ಮೇಲೆ ಹೊಳೆಯುತ್ತಿತ್ತು.

ಎಂಟನೇ ತರಗತಿಗೆ ಉಬ್ಬರವಿಳಿತದ ಪಾಠ ಬಂದಾಗ ಗ್ರಹಚಾರ ಶುರುವಾಯಿತು. ಅವಳು ಬ್ರಹ್ಮಾವರ ಕಡೆಯ ಗದ್ದೆ ಬದಿಯವಳು; ಮಕ್ಕಳಲ್ಲಿ ಮುಕ್ಕಾಲು ಪಾಲು ಮೀನುಗಾರರ ಮನೆಯವರು. "ಸಮುದ್ರದ ಉಬ್ಬರ" ಎನ್ನುತ್ತಿದ್ದಂತೆ ಹಿಂದಿನ ಬೆಂಚಿನಿಂದ ದನಿ ಬಂತು: "ಟೀಚರ್, ಕಡ್ಲಿಗೆ ಎಂತ, ಹೊಟ್ಟಿ ಉಬ್ಬರವಾ? ಓಮದ ನೀರ್ ಕೊಡಿ!" ಇಡೀ ತರಗತಿ ನಕ್ಕಿತು. ಇಲ್ಲಿ ನೀರು ಏರಿದರೆ ಅದು ಭರತ. ಉಬ್ಬರವೆಂದರೆ ಹಲಸಿನಹಣ್ಣು ತಿಂದವರಿಗೆ ಬರುವ ಕಾಯಿಲೆ.

ಚಿತ್ರ ತೋರಿಸಿದರೆ ನಗು ನಿಂತೀತು ಎಂದು ಅವಳು ಮೊಬೈಲಿನಲ್ಲಿ ಹುಡುಕಲು ಕುಳಿತಳು. ಮಕ್ಕಳ ಮಾತನ್ನೇ ನಂಬಿ 'ಭರತ' ಎಂದು ಹಾಕಿದಳು. ಸಾಲುಸಾಲಾಗಿ ಭರತನಾಟ್ಯದ ರಂಗಪ್ರವೇಶಗಳು ಬಂದವು. 'ಇಳಿತ' ಸೇರಿಸಿದರೆ ಚಿನ್ನದ ದರದ ಸುದ್ದಿ. ಪುಸ್ತಕದ ಪದ ಹಾಕಿದಾಗ ಕೆಲವು ಸಿಕ್ಕವು. ಒಂದು ಹಿಂದಿಯಲ್ಲಿತ್ತು. ಇನ್ನೊಂದು ಉಚಿತವೆಂದು ಕರೆದು ಮೂರನೇ ನಿಮಿಷಕ್ಕೆ ಚಂದಾ ಕೇಳಿತು. ಮತ್ತೊಂದರ ನಡುವೆ ರಮ್ಮಿ ಆಡಿ ಎಂದು ಒಬ್ಬ ಕಣ್ಣು ಹೊಡೆದ. ಅವನನ್ನು ಮಕ್ಕಳ ಮುಂದೆ ತರುವುದುಂಟೇ? ಆರನೇ ದಿನ ಕುಂದಾಪುರದ ಬಸ್ಸಿನಲ್ಲಿ ಅಚ್ಚುಕಟ್ಟಾದ ಕನ್ನಡ ವಿಡಿಯೋ ಒಂದು ಕಂಡಿತು. ಕೆಳಗೆ 'ಶಿಕ್ಷಕರು ತರಗತಿಯಲ್ಲಿ ಮುಕ್ತವಾಗಿ ಬಳಸಬಹುದು' ಎಂದು ಬರೆದಿತ್ತು. ಜಾಹೀರಾತಿನ ಪೀಡೆಯೂ ಇರಲಿಲ್ಲ. ತ್ರಾಸಿ ದಾಟುವಾಗ ನೆಟ್‌ವರ್ಕ್ ಹೋಗಿ ವಿಡಿಯೋ ಅರ್ಧಕ್ಕೇ ನಿಂತಿತು. ಉಳಿದದ್ದೂ ಹೀಗೇ ಇರುತ್ತದೆ ಎಂದುಕೊಂಡಳು. ಅದೇ ತಪ್ಪು.

ಅಷ್ಟರಲ್ಲಿ ಗುಣಪಾಲ ಮೇಷ್ಟ್ರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಕುಷ್ಟನ ಕಿವಿ ಊದಿದ್ದರು. ಕುಷ್ಟ ನಾಡದೋಣಿಯಲ್ಲಿ ಮೀನು ಹಿಡಿಯುವವ, ಮಾತು ಒರಟು. ಮೀನು ಮಾರುವ ಜಲಜಳನ್ನೂ ಜೊತೆಗೆ ಕರೆದುಕೊಂಡು ಶುಕ್ರವಾರ ಶಾಲೆಗೆ ಬಂದೇಬಿಟ್ಟ. ಜಲಜಳ ಮಗಳು ಪೂಜಿತಾ ಅದೇ ಎಂಟನೇ ತರಗತಿಯಲ್ಲಿದ್ದಳು.

"ಪಾಠ ಬಿಟ್ಟ್ ಪಿಕ್ಚರ್ ತೋರ್ಸ್ತ್ರಿ ಅಂಬ್ರ್," ಎಂದ ಕುಷ್ಟ, ನಿಂತಲ್ಲೇ. "ಗದ್ದಿ ಬದಿಯರ್ ಬಂದ್ ಮೊಬೈಲ್ ಕಂಡ್ ನಮ್ಮ್ ಮಕ್ಳಿಗೆ ಕಡ್ಲ್ ಕಲ್ಸುದಾ? ಇವತ್ತ್ ಕೂತ್ಕಂಡ್ ಕಣ್ಣಾರೆ ಕಾಂತೆ. ಸಮ ಇಲ್ದಿದ್ರೆ ಟಿ.ವಿ.ಗೆ ಬೀಗ. ನೀವ್ ಸೋಮವಾರದಿಂದ ಬಪ್ಪುದೂ ಬ್ಯಾಡ."

ಪ್ರಣೀತಾ ಮೊಬೈಲಿಗೆ ಟಿ.ವಿ.ಯ ವಯರು ಸಿಕ್ಕಿಸಿದಳು; ಎರಡು ಸಲ ಜಾರಿ ಮೂರನೇ ಸಲ ಕೂತಿತು. ಗುಣಪಾಲ ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು, ಸತ್ತ ಯಾರದೋ ಬೊಜ್ಜದೂಟಕ್ಕೆ ಎಲೆ ಹಾಕುವುದನ್ನು ಕಾಯುವವರ ಹಾಗೆ.

ವಿಡಿಯೋ ಶುರುವಾಯಿತು. ನೀಲಿ ಭೂಮಿ ತಿರುಗಿತು, ಚಂದ್ರ ನೀರನ್ನು ತನ್ನತ್ತ ಎಳೆದ. ಮಕ್ಕಳು ಬಾಯಿ ಬಿಟ್ಟು ನೋಡಿದರು. ಆಗ ಹಿನ್ನೆಲೆಯ ಬೆಣ್ಣೆದನಿ ಹೇಳಿತು: "ಮಕ್ಕಳೇ, ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಉಬ್ಬರ, ಮಧ್ಯಾಹ್ನ ಹನ್ನೆರಡಕ್ಕೆ ಇಳಿತ."

"ಸುಳ್ಳ್!" ಎಂದಳು ಪೂಜಿತಾ.

ಕುಷ್ಟ ತೊಡೆ ತಟ್ಟಿದ. "ಹ್ವಾಯ್! ಈ ಮನ್ಸ ಕಡ್ಲಿಗೆ ವಾಚ್ ಕಟ್ಟಿದ್ನಾ? ಇವ್ನ್ ಮಾತ್ ಕೇಂಡ್ ಹೊಳಿ ಅಳಿವೆ ದಾಂಟುಕೆ ಹೋದ್ರೆ ದೋಣಿ ಮರಳ ಮೇಲೆ ಕೂತ್ಕಣ್ಕ್!"

"ಪುಕ್ಕಟೆ ಸಿಕ್ಕಿದ್ ಅಲ್ದಾ ಅಧ್ಯಕ್ಷರೆ," ಎಂದರು ಮೇಷ್ಟ್ರು. "ಪುಕ್ಕಟೆ ವಿಡಿಯೋ, ಪುಕ್ಕಟೆ ಪಾಠ. ಕಾಣಿ, ಮಕ್ಳೇ ನಗಾಡ್ತೊ."

ಬೇರೆ ದಿನವಾಗಿದ್ದರೆ ಪ್ರಣೀತಾ ಟಿ.ವಿ. ಆರಿಸಿ ಹೊರಗೆ ಹೋಗುತ್ತಿದ್ದಳೋ ಏನೋ. ಇವತ್ತು ಸಂಜೆಯ ಬಸ್ಸಿನವರೆಗೆ ಕಾಯಲು ವ್ಯವಧಾನ ಇರಲಿಲ್ಲ. ರಿಮೋಟು ಒತ್ತಿ ದನಿ ನಿಲ್ಲಿಸಿದಳು. ಚಿತ್ರ ಮಾತ್ರ ತಿರುಗುತ್ತಲೇ ಇತ್ತು.

"ಅವ ಹೇಳಿದ್ ತಪ್ಪು. ಕಡೀವರಿಗೆ ಕಾಣ್ದೆ ತಂದದ್ದ್ ನನ್ನ್ ತಪ್ಪು," ಎಂದಳು. "ಚಿತ್ರ ಸಮ ಇತ್ತ್. ಪೂಜಿತಾ, ನಿನ್ನೆ ಭರತ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ ಟೀಚರ್."

"ಇವತ್ತ್?"

"ಹತ್ತ್ ಕಮ್ಮಿ ಹನ್ನೆರಡ್."

"ನಾಳೆ?"

"ಇನ್ನೂ ಮುಕ್ಕಾಲ್ ಗಂಟೆ ತಡ!" ಇಡೀ ತರಗತಿ ಕೂಗಿತು.

"ಮುಕ್ಕಾಲಲ್ಲ, ಅದ್ರ್ ಮೇಲೆ ಚೂರ್ ಇತ್ತ್," ಎಂದಳು ಜಲಜ ಕೂತಲ್ಲಿಂದಲೇ, ಮೀನಿನ ರೇಟು ಹೇಳುವ ದನಿಯಲ್ಲಿ.

"ಸಮ. ಎಂತಕ್ಕೆ ತಡ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಪ್ರಣೀತಾ ತಿರುಗಿದಳು. "ಅಧ್ಯಕ್ಷರೆ, ನೀವ್ ಹೇಳಿ."

"ನನ್ನ್ ಅಜ್ಜನ್ ಕಾಲ್ದಿಂದ ಹಾಂಗೇ," ಎಂದ ಕುಷ್ಟ. "ಎಂತಕ್ಕೆ ಅಂದ್ರೆ ಎಂತ? ಅದ್ ಕಡ್ಲಿನ ಕ್ರಮ."

"ಅದ್ ಉತ್ತರ ಅಲ್ಲ."

ಪ್ರಣೀತಾಳ ಮಾತು ಬಾಯಿ ಬಿಟ್ಟಾಗಿತ್ತು. ಕುಷ್ಟನ ಮುಖ ಕಪ್ಪಿಟ್ಟಿತು. ಅವಳು ನಿಲ್ಲಿಸಲಿಲ್ಲ. ವಿಡಿಯೋವನ್ನು ಹಿಂದಕ್ಕೆ ಎಳೆದು, ಭೂಮಿಯ ಮೇಲೆ ಬೆರಳಿಟ್ಟಳು.

"ಇದ್ ಉಪ್ಪುಂದ. ಚಂದ್ರ ನೆತ್ತಿ ಮೇಲಿದ್ದ ಅಂದ್ಕಣಿ. ಭೂಮಿ ಒಂದ್ ಸುತ್ತ್ ತಿರ್ಗಿ ಬತ್ತ್, ಇಪ್ಪತ್ನಾಕ್ ಗಂಟೆ. ಚಂದ್ರ ಅಲ್ಲೇ ಕಾಯ್ತಾ ಇರ್ತ್ನಾ? ಅವ ಅಷ್ಟೊತ್ತಿಗೆ ಮುಂದ್ ಹೋಯ್ದ. ಬಸ್ಸ್ ಸ್ಟಾಪ್ ಬಿಟ್ಟ್ ಮುಂದ್ ಹೋಯಿ ನಿಂತಂಗೆ. ನಾವ್ ಓಡಿ ಹಿಡೂಕ್. ಆ ಓಡೂಕೆ ಎಷ್ಟೊತ್ತ್?"

"ಐವತ್ತ್ ನಿಮಿಷ!" ಎಂದಳು ಪೂಜಿತಾ, ಬೆಂಚಿನಿಂದ ಎದ್ದೇ ನಿಂತು.

ತರಗತಿಯಲ್ಲಿ ಗಲಾಟೆ ಎದ್ದಿತು. ನಾಡಿದ್ದು ಎಷ್ಟಾಗುತ್ತದೆ, ಅಮಾಸೆಗೆ ಎಷ್ಟಾಗುತ್ತದೆ ಎಂದು ಒಬ್ಬರ ಮೇಲೊಬ್ಬರು ಬಿದ್ದು ಲೆಕ್ಕ ಹಾಕತೊಡಗಿದರು.

"ಶಿಸ್ತ್ ಅಂಬ್ದೇ ಇಲ್ಲ," ಎಂದರು ಗುಣಪಾಲ ಮೇಷ್ಟ್ರು. "ಸಂತೆ ಆಯ್ತ್ ಕಾಣಿ."

"ಸುಮ್ನಿರಿ ಮೇಷ್ಟ್ರೆ," ಎಂದಳು ಜಲಜ. "ಸಂತೆಯಾಗೇ ನಾವ್ ಬದ್ಕುದ್. ಹ್ವಾಯ್ ಟೀಚರ್, ಆ ವಿಡಿಯೋದಾಗ್ ಮಾತಾಡು ಗಂಡ್ಸಿನ್ ಬಾಯಿ ಹಾಂಗೇ ಮುಚ್ಚಿಡಿ." ಹೊಗಳಿಕೆಯೋ ಗದರಿಕೆಯೋ ಗೊತ್ತಾಗಲಿಲ್ಲ. ಅವಳ ಮುಖದಲ್ಲಿ ನಗು ಇರಲಿಲ್ಲ.

ಕುಷ್ಟ ಎದ್ದು ಪಂಚೆ ಕೊಡವಿದ.

"ಪಾಠ ಸಮ ಇತ್ತ್. ಸುಳ್ ಹೇಳುಕ್ ಆತಿಲ್ಲ. ಬೀಗ ಬ್ಯಾಡ, ನೀವ್ ಬನ್ನಿ," ಎಂದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಆದ್ರೆ ಮಕ್ಳ್ ಎದ್ರ್ ನನ್ ಮರ್ಯಾದಿ ತೆಗ್ದ್ರಿ. ಅದನ್ ನಾನ್ ಮರೂದಿಲ್ಲ."

ಕ್ಷಮಿಸಿ ಎನ್ನುವ ಮಾತು ಹಳೇ ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

"ಮರೀಬೇಡಿ," ಎಂದಳು. "ಐವತ್ತ್ ನಿಮಿಷ ಎಂತಕ್ಕೆ ಅಂಬ್ದೂ ಅದ್ರೊಟ್ಟಿಗೇ ನೆನ್ಪಿರ್ತ್."

ಕುಷ್ಟ ಒಂದು ಗಳಿಗೆ ಅವಳನ್ನೇ ದಿಟ್ಟಿಸಿ, ಚಪ್ಪಲಿ ಮೆಟ್ಟಿ, ಹಿಂದೆ ತಿರುಗದೆ ಅಂಗಳ ದಾಟಿದ. ಗುಣಪಾಲ ಮೇಷ್ಟ್ರು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಟೈಮ್‌ಟೇಬಲ್ ಬರೆಯುವುದು ಅವರ ಕೈಯಲ್ಲೇ ಇತ್ತು.

"ಇನ್ ಮೇಲೆ ಟಿ.ವಿ. ಪಿರಿಯಡ್ ಶನಿವಾರದ್ ಕಡೀದ್, ಟೀಚರ್. ಬಸ್ಸ್ ತಪ್ಪಿದ್ರೆ ನಂಗ್ ಹೇಳ್ಬೇಡಿ."

"ಅಡ್ಡಿಲ್ಲ ಸರ್," ಎಂದಳು ಪ್ರಣೀತಾ. "ಅದ್ರ್ ಹಿಂದೇ ಇನ್ನೊಂದ್ ಬಸ್ಸಿತ್ತ್."