ಇಬ್ಬರು ದಳವಾಯಿಗಳು

ಅಕ್ಕು ವೇಷದ ಕೆಂಪು ಚೌಕುಳಿಯ ಕಸೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ದುಬೈಯ ಅಲ್ ನಹ್ದಾದ ಅವಳ ಫ್ಲ್ಯಾಟಿನಲ್ಲಿ ಸೋಫಾವನ್ನು ಗೋಡೆಗೆ ಸರಿಸಿ ಯಕ್ಷಗಾನದ ಅಭ್ಯಾಸ ನಡೆದಿತ್ತು; ನಡೆಯಬೇಕಿತ್ತು. ಸಾಯುತ್ತಿರುವ ಅರಸ, ಹಸುಳೆ ಯುವರಾಜ, ಅಧಿಕಾರಕ್ಕೆ ಕಾದಾಡುವ ಇಬ್ಬರು ದಳವಾಯಿಗಳು: ಅದು ಪ್ರಸಂಗ. ಒಬ್ಬ ದಳವಾಯಿ ದುಬೈ ಗುಂಪಿನ ಸರ್ವೋತ್ತಮ, ಇನ್ನೊಬ್ಬ ಅಬುಧಾಬಿ ಗುಂಪಿನ ನಂದನ್. ರಾಣಿ ಅಕ್ಕು. ಅವಳಿಗೆ ಅಳುವುದಷ್ಟೇ ಕೆಲಸ.

“ಒಡ್ಡೋಲಗದಲ್ಲಿ ಅರಸನ ಬಲಗಡೆ ನಾನೇ ನಿಲ್ಲುವುದು,” ಎಂದ ಸರ್ವೋತ್ತಮ.

“ನಿಲ್ಲಿ ಮಾರಾಯ್ರೆ,” ನಂದನ್ ನಕ್ಕ. “ಕಿರೀಟ ಎಲ್ಲ ಖಲೀಫಾ ಸಿಟಿಯಲ್ಲಿ ನಮ್ಮ ಕಪಾಟಿನಲ್ಲುಂಟು. ಬೋಳುತಲೆಯಲ್ಲಿ ನಿಲ್ಲಿ.”

“ಗೆಜ್ಜೆ ನಮ್ಮಲ್ಲುಂಟಲ್ಲ! ನೀವು ಸದ್ದಿಲ್ಲದೆ ಕುಣಿಯಿರಿ.”

ಇಸ್ತ್ರಿ ಮೇಜಿನ ತುದಿಯಲ್ಲಿ ಎರಡೂ ಗುಂಪು ಸೇರಿದ ಸಂಘದ ಕಾಗದ ಬಿದ್ದಿತ್ತು. ಬ್ರಹ್ಮಾವರದ ಅಣ್ಣು ಭಾಗವತರಿಗೆ ಈ ಆಟಕ್ಕೆ ಪದ ಹೇಳಲು ಆಮಂತ್ರಣ. ಫೋನಿನಲ್ಲಿ ಕರೆದರೆ ಬರುವವರಲ್ಲ ಅವರು. ಕಾಗದ ಊರಿಗೆ ಹೋಗುವವರ ಕೈಯಲ್ಲೇ ಮನೆಬಾಗಿಲಿಗೆ ಹೋಗಬೇಕು. “ಈ ವರ್ಷ ಸ್ವರ ಉಂಟು ಮಗಾ, ಮುಂದಿನದ್ದು ಗೊತ್ತಿಲ್ಲ,” ಎಂದು ತಮ್ಮ ಹಳೆಯ ಶಿಷ್ಯೆ ಅಕ್ಕುವಿಗೆ ಹೇಳಿದ್ದರು. ಅವರ ಪದಕ್ಕೆ ಒಮ್ಮೆಯಾದರೂ ರಂಗದಲ್ಲಿ ಹೆಜ್ಜೆ ಹಾಕಬೇಕೆಂಬುದು ಅವಳ ಆಸೆ. ಕಾಗದದ ಅಡಿಯಲ್ಲಿ ಸರ್ವೋತ್ತಮ, ನಂದನ್ ಇಬ್ಬರ ಹೆಸರೂ ಒಂದರ ಕೆಳಗೊಂದು ಅಚ್ಚಾಗಿತ್ತು. ಮೇಲಿನ ಹೆಸರು ಯಾರದ್ದಿರಬೇಕು ಎಂಬುದು ತೀರ್ಮಾನವಾಗದೆ ಯಾರೂ ಸಹಿ ಹಾಕಿರಲಿಲ್ಲ. ಊರಿಗೆ ಹೋಗುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಇವತ್ತು ಕಜೆತಾನ್ ಹೊರಟಿದ್ದ.

ಬೆಲ್ ಆಯಿತು. ಕಜೆತಾನ್ ಬಾಗಿಲಲ್ಲೇ ನಿಂತು, “ಅಕ್ಕಾ, ಯಲ್ಲಾ, ಬೇಗ! ಟ್ಯಾಕ್ಸಿ ಕೆಳಗೆ ಕಾಯ್ತಾ ಉಂಟು,” ಎಂದ.

“ಸಹಿ ಹಾಕ್ತೀರಾ ಇಬ್ಬರೂ?” ಅಕ್ಕು ಕೇಳಿದಳು.

“ಮೊದಲು ಹೆಸರು ಸರಿ ಆಗ್ಲಿ,” ಎಂದ ಸರ್ವೋತ್ತಮ.

“ಹೌದು, ಅದು ಆಗ್ಲಿ.” ಆ ಒಂದು ಮಾತಿಗೆ ಇಬ್ಬರೂ ಒಂದಾಗಿದ್ದರು.

“ಪ್ರಸಂಗದಲ್ಲಿ ರಾಜ್ಯ ಹೋಗುವುದೂ ಹೀಗೇ ಅಲ್ವಾ?” ಎಂದಳು ಅಕ್ಕು.

“ನೀವು ಸುಮ್ಮನಿರಿ ಅಕ್ಕ, ನಿಮ್ಮದು ಅಳುವ ಪಾತ್ರ,” ಎಂದ ನಂದನ್.

ಇಬ್ಬರೂ ಮತ್ತೆ ಬಲಗಡೆಯ ಜಗಳಕ್ಕೆ ತಿರುಗಿದರು. ಅಕ್ಕು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸೀರೆಯ ನೂಲು ಕತ್ತರಿಸುವ ಕತ್ತರಿ ತೆಗೆದು, ಕಾಗದದ ಕೆಳಗಿನ ಅಂಚನ್ನು ಎರಡೂ ಹೆಸರು ಸೇರಿಸಿ ಕತ್ತರಿಸಿದಳು. ಉಳಿದ ಜಾಗದಲ್ಲಿ ‘ನಿಮ್ಮ ಶಿಷ್ಯೆ ಅಕ್ಕು’ ಎಂದು ಬರೆದು, ಮಡಚಿ, ಕವರಿನಲ್ಲಿಟ್ಟು ಕಜೆತಾನನ ಕೈಗೆ ಕೊಟ್ಟಳು.

“ಸಹಿ ಆಯ್ತಾ?”

“ಆಯ್ತು. ಹೋಗು.”

ಲಿಫ್ಟಿನ ಬಾಗಿಲು ಮುಚ್ಚಿತು. ಒಳಗೆ ಇನ್ನೂ ಅರಸನ ಬಲಗಡೆ ಖಾಲಿಯೇ ಇತ್ತು. ಮೇಜಿನ ಮೇಲೆ, ಇಸ್ತ್ರಿಯ ಬಿಸಿಗೆ, ಎರಡು ಹೆಸರುಗಳ ಸಣ್ಣ ಚೂರು ಮೆಲ್ಲಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು.