ಉರುಳಿಗೆ ಕಣ್ಣಿಲ್ಲ

ಚಳಿ ಬಿಡುವ ಕಾಲ. ಬೆಳಗಿನ ಬಿಸಿಲು ಆಗಷ್ಟೇ ಜಗಲಿಗೆ ಇಳಿದಿತ್ತು. ನನ್ನ ತಮ್ಮ ಬೇಟೆಯ ಬಲೆಯನ್ನು ಮಡಿಲ ಮೇಲೆ ಹರಡಿಕೊಂಡು, ಹರಿದ ಕಡೆ ಹೆಣೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತು ನೂಲು ಹೊಸೆದು ಕೊಡುತ್ತಿದ್ದೆ. ಬೇಟೆ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಬಂದವಳು ಫಾರೆಸ್ಟ್ ಗಾರ್ಡ್. ಊರೆಲ್ಲ ಅವಳನ್ನು ಗಾರ್ಡಮ್ಮ ಅಂತಲೇ ಕರೆಯುವುದು. ಈ ಕಥೆ ಶುರುವಾದದ್ದು ಆ ಹೊತ್ತಿನಲ್ಲಿ.

"ಅಜ್ಜಾ, ಬಲೆ ಚೆನ್ನಾಗಿದೆ. ಆದರೆ ಈ ಸಲ ಇದನ್ನ ಕಾಡಿಗೆ ತರಬೇಡಿ," ಎಂದಳು.

"ಕೂತ್ಕೋ ಮಗಳೇ. ಮೊದಲು ನೀರು ಕುಡಿ, ಆಮೇಲೆ ಬೈಯುವಿಯಂತೆ," ಎಂದ ತಮ್ಮ.

"ಬೈಯೋಕೆ ಬಂದಿಲ್ಲ. ಬೇಟೆ ಕಾನೂನಿಗೆ ವಿರುದ್ಧ. ಒಂದು ಮೊಲ ಹಿಡಿದರೂ ಕೇಸೇ. ಆಮೇಲೆ ಹೇಳಲಿಲ್ಲ ಅನ್ನಬೇಡಿ."

"ನಿನ್ನ ಕಾನೂನಿಗೆ ವಯಸ್ಸೆಷ್ಟು? ನಮ್ಮ ಬೇಟೆ ದಿನಕ್ಕೆ ನನ್ನ ಮುತ್ತಜ್ಜನ ಅಜ್ಜನ ವಯಸ್ಸು!"

ಗಾರ್ಡಮ್ಮ ನಕ್ಕಳು. ಜಗಲಿಯ ಅಂಚಿಗೆ ಕೂತು ಕೇಳಿದಳು: "ಸರಿ, ಹೇಳಿ ನೋಡೋಣ. ಮುತ್ತಜ್ಜ ಹೇಗೆ ಬೇಟೆಗೆ ಹೋಗ್ತಿದ್ರು?"

ಖಾಕಿ ಹಾಕಿದವರು ಯಾರೂ ನಮ್ಮನ್ನು ಹಾಗೆ ಕೇಳಿರಲಿಲ್ಲ. ತಮ್ಮನ ಕೈ ಬಲೆಯ ಮೇಲೆ ನಿಂತಿತು.

"ವರ್ಷಕ್ಕೆ ಒಂದೇ ದಿನ. ಗಂಡಸರೆಲ್ಲ ಕಾಡಂಚಿನಲ್ಲಿ ನಿಲ್ಲಬೇಕು. ಹಿರಿಯನೊಬ್ಬ ಮುಂದೆ ಹೋಗಿ ನೆಲ ನೋಡಬೇಕು. ತಾಯಿ ಹೆಜ್ಜೆ ಪಕ್ಕದಲ್ಲಿ ಮರಿ ಹೆಜ್ಜೆ ಕಂಡರೆ ಮುಗೀತು. ಬಲೆ ಸುತ್ತಿಕೊಂಡು ಮನೆಗೆ."

"ಬರಿಗೈಲಿ?"

"ಬರಿಗೈಲಿ. ಅದರಲ್ಲೇನು ನಾಚಿಕೆ? ಎಷ್ಟೋ ವರ್ಷ ಹಾಗೇ ಬಂದಿದ್ದೀವಿ. ಸಿಕ್ಕಿದ ವರ್ಷ, ಇಗೋ ಈ ಅಕ್ಕ ಪಾಲು ಹಂಚೋದು. ಇವಳು ಬೆನ್ನು ತಿರುಗಿಸಿ ನಿಲ್ತಾಳೆ. ನಾನು ಒಂದು ಪಾಲು ಮುಟ್ಟಿ 'ಇದು ಯಾರಿಗೆ' ಅಂತೀನಿ. ಇವಳು ಮನೆ ಹೇಳ್ತಾಳೆ. ಮೂಳೆ ಬಂತೋ ಮಾಂಸ ಬಂತೋ, ಯಾರೂ ತುಟಿ ಬಿಚ್ಚೋ ಹಾಗಿಲ್ಲ. ಬೇಟೆಗೆ ಬರದ ಮನೆಗೂ ಪಾಲು, ಮೂಸಿ ಹುಡುಕಿದ ನಾಯಿಗೂ ಪಾಲು."

"ಒಂದ್ಸಲ ಇವನಿಗೇ ಬರೀ ಗೊರಸು ಬಂತು," ಎಂದೆ ನಾನು. "ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ."

ಗಾರ್ಡಮ್ಮ ಜೋರಾಗಿ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಇಷ್ಟು ನೋಡಿಕೊಂಡು ಬೇಟೆ ಆಡಿದವರು ನೀವು. ಹಾಗಾದ್ರೆ ಪ್ರಾಣಿಗಳೆಲ್ಲ ಎಲ್ಲಿ ಹೋದವು ಅಜ್ಜಾ?"

"ಆಚೆ ಗುಡ್ಡಕ್ಕೆ ಹೋಗಿವೆ."

"ಆಚೆ ಗುಡ್ಡದ ಊರಿನಿಂದ ನಿನ್ನೆ ತಾನೇ ಬಂದೆ. ಅವರು, 'ನಿಮ್ಮ ಕಡೆ ಹೋಗಿವೆ' ಅಂತಾರಲ್ಲ!"

ತಮ್ಮ ಬಲೆಯನ್ನು ಪಕ್ಕಕ್ಕಿಟ್ಟ. ನೆಲ ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೂ ಈಚಿನ ವರ್ಷಗಳಲ್ಲಿ ಬೇಟೆ ದಿನ ಹೆಜ್ಜೆಯೂ ಸಿಗುತ್ತಿರಲಿಲ್ಲ, ಏನೂ ಸಿಗುತ್ತಿರಲಿಲ್ಲ. "ಮುದುಕನ ಕಣ್ಣು ಹೋಯ್ತು, ನಿನ್ನೆಯ ಪೇಪರ್ ಓದಿದ ಹಾಗೆ ನೆಲ ಓದ್ತಾನೆ" ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆ ಮಾತು ಅವನಿಗೆ ಮುಳ್ಳಾಗಿ ಚುಚ್ಚಿತ್ತು.

"ನಾಳೆ ಬಾ," ಎಂದ ಕೊನೆಗೆ. "ಇಬ್ಬರೂ ಹೋಗಿ ನೋಡೋಣ. ಎಲ್ಲಿ ಹೋಗಿವೆ ಅಂತ ನನಗೂ ತಿಳೀಬೇಕು."

ಹೊರಡುವಾಗ ಗಾರ್ಡಮ್ಮ ಒಳಗಿನಿಂದ ಬಂದ ಅಳಿಯನನ್ನು ಮಾತಾಡಿಸಿದಳು. ತಮ್ಮನ ಮಗಳ ಗಂಡ, ಬೈಕ್ ಗ್ಯಾರೇಜಿನಲ್ಲಿ ಕೆಲಸ. ಹಿಂದೊಮ್ಮೆ ಬೈಕ್ ಕಾಲ ಮೇಲೆ ಬಿದ್ದು, ಅಂದಿನಿಂದ ಎಡ ಹಿಮ್ಮಡಿ ಊರಿ ಊರಿ ನಡೆಯುತ್ತಿದ್ದ. ಒಳ್ಳೆಯವನು. ಮಾವನೆಂದರೆ ಪ್ರಾಣ.

"ನಿಮ್ಮ ಗ್ಯಾರೇಜಲ್ಲಿ ಹಳೇ ಕ್ಲಚ್ ವೈರ್ ಏನು ಮಾಡ್ತೀರಿ?" ಎಂದು ಅವಳು ಕೇಳಿದಳು.

"ಯಾರಾದರೂ ಕೇಳಿ ಒಯ್ತಾರೆ. ಬಟ್ಟೆ ಒಣಗಿಸೋಕೆ."

"ಎಲ್ಲರೂ ಬಟ್ಟೆ ಒಣಗಿಸೋಕೇ? ಈ ಸುತ್ತಮುತ್ತ ಅಷ್ಟೊಂದು ಬಟ್ಟೆ ಒಗೀತಾರಾ?"

ನಾವೆಲ್ಲ ನಕ್ಕೆವು. ಅಳಿಯ ನಗಲಿಲ್ಲ. ಆಗ ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಅಂದು ಸಂಜೆ ನಮ್ಮ ನಾಯಿ ಚುರುಕಿ ಮನೆಗೆ ಬರಲಿಲ್ಲ. ತಮ್ಮನ ಮಗಳು ಬಟ್ಟಲು ಬಡಿದು ಬಡಿದು ಕರೆದಳು. ಏಳು ತಿಂಗಳ ಬಸುರಿ, ಬೇಲಿಯ ತನಕ ನಡೆದು ಹೋಗಿ ಕೂಗಿದಳು. ಬರಲಿಲ್ಲ.

ಬೆಳಿಗ್ಗೆ ಗಾರ್ಡಮ್ಮ ಬಂದಾಗ ಹೆಜ್ಜೆ ನೋಡುವ ಕೆಲಸ ನಾಯಿ ಹುಡುಕುವ ಕೆಲಸವಾಯಿತು. ಮನಸ್ಸು ತಡೆಯದೆ ನಾನೂ ಹೋದೆ. ಅಳಿಯ ಎಲ್ಲರಿಗಿಂತ ಹಿಂದೆ ಬಂದ.

ತಮ್ಮ ಬಾಗಿ ಬಾಗಿ ನಡೆದ. "ಇಲ್ಲಿ ನಿಂತಿದ್ದಾಳೆ. ಇಲ್ಲಿ ಏನೋ ಮೂಸಿದ್ದಾಳೆ. ಇಲ್ಲಿಂದ ಓಡಿದ್ದಾಳೆ." ಗಾರ್ಡಮ್ಮ ಅವನ ಪಕ್ಕದಲ್ಲೇ ಬಾಗಿ, ಇದು ಹೇಗೆ ಗೊತ್ತಾಯ್ತು, ಅದು ಹೇಗೆ ಗೊತ್ತಾಯ್ತು ಎಂದು ಕೇಳುತ್ತಲೇ ಇದ್ದಳು. ಇವನು ಹೇಳುತ್ತಲೇ ಇದ್ದ. ಅಂಥ ದುಃಖದಲ್ಲೂ ಅವನ ಮುಖ ಬಿಚ್ಚಿಕೊಂಡದ್ದು ಕಂಡೆ.

ಎರಡು ಪೊದೆಗಳ ನಡುವಿನ ಕಿರುದಾರಿಯಲ್ಲಿ ಚುರುಕಿ ಸಿಕ್ಕಳು. ಹಿಂಗಾಲಿಗೆ ತಂತಿಯ ಉರುಳು ಬಿಗಿದಿತ್ತು. ಎಳೆದಷ್ಟೂ ಬಿಗಿಯುವ ಕುಣಿಕೆ ಅದು. ಸುತ್ತಲಿನ ಮಣ್ಣೆಲ್ಲ ಕೆರೆದು ಹೋಗಿತ್ತು. ಕೂಗಲೂ ಅವಳಿಗೆ ದನಿ ಉಳಿದಿರಲಿಲ್ಲ.

"ಎಳೀಬೇಡಿ! ನೋವಿಗೆ ಕಚ್ತಾಳೆ. ಮೊದಲು ಮುಖಕ್ಕೆ ಬಟ್ಟೆ ಮುಚ್ಚಿ," ಎಂದಳು ಗಾರ್ಡಮ್ಮ. ತಮ್ಮ ಟವೆಲ್ ಹೊದಿಸಿ ತಲೆ ಹಿಡಿದುಕೊಂಡ. ಅವಳು ಚೀಲದಿಂದ ಕಟರ್ ತೆಗೆದು ತಂತಿ ಕತ್ತರಿಸಿದಳು. ಕ್ಲಚ್ ವೈರ್.

"ಅಜ್ಜಾ, ಪ್ರಾಣಿಗಳು ಆಚೆ ಗುಡ್ಡಕ್ಕೂ ಹೋಗಿಲ್ಲ, ಈಚೆ ಗುಡ್ಡಕ್ಕೂ ಬಂದಿಲ್ಲ. ಎರಡೂ ಕಡೆ ದಾರಿ ದಾರಿಗೂ ಇಂಥವು. ನಿಮ್ಮ ಬೇಟೆ ಒಂದು ದಿನ. ಇದು ವರ್ಷವೆಲ್ಲ ಬೇಟೆ ಆಡುತ್ತೆ. ಕಟ್ಟಿದವನು ಮರೆತರೂ ಇದು ಮರೆಯಲ್ಲ."

ತಮ್ಮ ತಂತಿ ಕಟ್ಟಿದ್ದ ಗೂಟದ ಪಕ್ಕದ ಮಣ್ಣು ನೋಡುತ್ತಿದ್ದ. ನಾನೂ ನೋಡಿದೆ. ಚಪ್ಪಲಿ ಹೆಜ್ಜೆ. ಎಡ ಹಿಮ್ಮಡಿ ಆಳವಾಗಿ ಇಳಿದಿತ್ತು.

ಕಾಡಿನಲ್ಲಿ ಹೆಜ್ಜೆಯ ಮೇಲೆ ಕಾಲಿಟ್ಟವರನ್ನು ಬೈಯುತ್ತಿದ್ದ ನನ್ನ ತಮ್ಮ, ಮೆಲ್ಲಗೆ ತನ್ನ ಕಾಲು ತೆಗೆದು ಆ ಹೆಜ್ಜೆಯ ಮೇಲೆ ಇಟ್ಟ. ಮನೆಯಲ್ಲಿ ಬಸುರಿ ಮಗಳು ಕಣ್ಣ ಮುಂದೆ ಬಂದಿರಬೇಕು. ಗಾರ್ಡಮ್ಮನಿಗೆ ಕಂಡಿತೋ ಇಲ್ಲವೋ, ಅವಳು ನಾಯಿಯ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು.

"ಕಾಲು ತೆಗೀರಿ ಮಾವ," ಎಂದ ಅಳಿಯ ಹಿಂದಿನಿಂದ. "ಅದು ನಂದೇ."

ಅವನು ನೆಲಕ್ಕೆ ಕುಸಿದು ಕೂತ. "ಊರವರು ನಿಮ್ಮನ್ನ ಆಡ್ಕೊಳ್ಳೋದು ಕೇಳೋಕಾಗಲಿಲ್ಲ. ಈ ಸಲ ಬೇಟೆ ದಿನ ಏನಾದರೂ ಒಂದು ಸಿಗಲಿ, ನಿಮ್ಮ ಹೆಸರು ಉಳೀಲಿ ಅಂತ ಕಟ್ಟಿದೆ. ಚುರುಕಿ ಈ ದಾರೀಲಿ ಬರ್ತಾಳೆ ಅಂತ ಹೊಳೀಲೇ ಇಲ್ಲ."

"ಅಳಿಯಂದ್ರೇ," ಎಂದ ತಮ್ಮ. ದನಿ ಎತ್ತಲಿಲ್ಲ. "ಬಲೆ ಹಿಡಿದವನಿಗೆ ಕಣ್ಣಿದೆ. ತಾಯಿ ಬಂದರೆ ಬಲೆ ಎತ್ತಿ ಬಿಡ್ತಾನೆ. ಉರುಳಿಗೆ ಕಣ್ಣಿಲ್ಲ. ತಾಯಿ ಯಾವುದು, ಮರಿ ಯಾವುದು, ಮನೆ ನಾಯಿ ಯಾವುದು, ಅದಕ್ಕೇನು ಗೊತ್ತು? ನನ್ನ ಹೆಸರು ಉಳಿಸೋಕೆ ಹೋಗಿ, ನಾನು ಕಲಿತದ್ದನ್ನೆಲ್ಲ ಗೂಟಕ್ಕೆ ಕಟ್ಟಿಬಿಟ್ರಲ್ಲ."

ಗಾರ್ಡಮ್ಮ ಎದ್ದು ನಿಂತಳು. "ನೋಡಿದ್ದನ್ನ ನಾನು ಬರೀಲೇಬೇಕು. ಮುಚ್ಚಿಡೋಕಾಗಲ್ಲ. ಆದರೆ ನೀವಾಗಿಯೇ ಒಪ್ಪಿಕೊಂಡಿದ್ದನ್ನೂ ಬರೀತೀನಿ. ಎಲ್ಲೆಲ್ಲಿ ಕಟ್ಟಿದ್ದೀರಿ, ಈಗಲೇ ತೋರಿಸಿದ್ರೆ ಅದನ್ನೂ ಬರೀತೀನಿ."

ಅವನು ತೋರಿಸಿದ. ಅವನವು ಕೆಲವೇ ಇದ್ದವು. ಹುಡುಕುತ್ತ ಹೋದಾಗ ಬೇರೆಯವರು ಕಟ್ಟಿದವೇ ಹೆಚ್ಚು ಸಿಕ್ಕವು. ಎಷ್ಟೋ ತಂತಿ ತುಕ್ಕು ಹಿಡಿದಿದ್ದವು, ಆದರೂ ಕುಣಿಕೆ ಬಾಯಿ ತೆರೆದೇ ಇತ್ತು. ಎಲ್ಲವೂ ಅವನ ಗ್ಯಾರೇಜಿನಂಥ ಗ್ಯಾರೇಜುಗಳ ತಂತಿ.

ಚುರುಕಿ ಬದುಕಿದಳು. ಕಾಲು ಉಳಿಯಲಿಲ್ಲ. ದನದ ಡಾಕ್ಟರು ಅದನ್ನು ತೆಗೆದುಹಾಕಿದರು. ಅಳಿಯನ ಮೇಲೆ ಕೇಸಾಯಿತು. ಕರೆದಾಗಲೆಲ್ಲ ಹೋಗಿ ನಿಂತು ಬರುತ್ತಾನೆ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಓದಿದವರಿಗೆ ಮೋಸ.

ಆದರೆ ಬೇಟೆ ದಿನ ಬಂತಲ್ಲ! ತಮ್ಮ ಬಲೆಯನ್ನು ಗೋಡೆಗೆ ನೇತುಹಾಕಿ, ಮೋರೆ ಊದಿಸಿಕೊಂಡು ಕೂತ.

"ಬೇಟೆ ಇಲ್ಲದ ಬೇಟೆ ದಿನ! ಉಪ್ಪಿಲ್ಲದ ಸಾರು. ಇಷ್ಟಕ್ಕೇ ಮುಗೀತು ಬಿಡಿ," ಎಂದ.

ಮಗಳು ಹೊಟ್ಟೆ ಹಿಡಿದುಕೊಂಡು ಅವನ ಎದುರು ಕೂತಳು. "ಅಪ್ಪಾ, ಮರಿ ಹೆಜ್ಜೆ ಕಂಡು ಬರಿಗೈಲಿ ತಿರುಗಿ ಬಂದ ವರ್ಷ ಇತ್ತಲ್ಲ, ಅದು ಬೇಟೆ ದಿನ ಅಲ್ವಾ?"

"ಯಾಕಲ್ಲ? ಅದೂ ಬೇಟೆ ದಿನಾನೇ."

"ಏನೂ ಕೊಲ್ಲಲಿಲ್ಲವಲ್ಲ?"

"ಕೊಲ್ಲದಿದ್ರೇನು? ಹೋದ್ವಿ, ನೆಲ ನೋಡಿದ್ವಿ, ತಿರುಗಿ ಬಂದ್ವಿ..." ಎಂದವನು ಮಗಳ ಮುಖ ನೋಡಿದ. "ಯಾರು ಕಲಿಸಿದರೇ ನಿನಗೆ ಈ ಮಾತು?"

"ನೀನೇ. ಈಗ ಏಳು."

ಆ ವರ್ಷ ಊರು ಕಾಡಂಚಿನಲ್ಲಿ ನಿಂತಿತು. ಗಾರ್ಡಮ್ಮ ಮೇಲಿನವರ ಒಪ್ಪಿಗೆ ಪಡೆದು ಉರುಳು ಕತ್ತರಿಸಲು ಕಟರ್‌ಗಳನ್ನು ತಂದಿದ್ದಳು. ಬಲೆ ಬರಲಿಲ್ಲ, ಈಟಿ ಬರಲಿಲ್ಲ. ನಾನು ಮೊದಲಿನ ಹಾಗೆಯೇ ಬೆನ್ನು ತಿರುಗಿಸಿ ನಿಂತೆ. ತಮ್ಮ ಒಂದೊಂದೇ ಕಾಲುದಾರಿಗೆ ಕೈ ತೋರಿಸಿ ಕೇಳಿದ.

"ಈ ದಾರಿ ಯಾರಿಗೆ?"

"ದರ್ಜಿ ಮನೆಗೆ."

"ಈ ದಾರಿ?"

"ಹಾಲಿನವನ ಮನೆಗೆ."

ಪಾಲಿಗೆ ಏರುದಾರಿ ಬಂದವರು ಗೊಣಗಲಿಲ್ಲ. ತಗ್ಗುದಾರಿ ಬಂದವರು ಬೀಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊರೆಗಟ್ಟಲೆ ತಂತಿ ಹೊತ್ತು ತಂದರು. ಗ್ಯಾರೇಜಿನವರೆಲ್ಲ ಸೇರಿ, ಇನ್ನು ಹಳೇ ವೈರನ್ನು ಗೇಣುದ್ದ ತುಂಡು ಮಾಡಿಯೇ ಗುಜರಿಗೆ ಹಾಕುವುದು ಎಂದು ಮಾತಾಡಿಕೊಂಡರು. ಆ ಮಾತು ಎತ್ತಿದವನು ಅಳಿಯ. ಹಳ್ಳದ ಮರಳಿನಲ್ಲಿ ತಾಯಿ ಹೆಜ್ಜೆ, ಪಕ್ಕದಲ್ಲಿ ಮರಿ ಹೆಜ್ಜೆ ಕಂಡಿತೆಂದು ದರ್ಜಿ ಓಡಿ ಬಂದು ಹೇಳಿದ. ತಮ್ಮ ಹೋಗಿ ನೋಡಿದ. "ಸರಿ, ಎಲ್ಲರೂ ತಿರುಗಿ ನಡೀರಿ," ಎಂದ. ಅಷ್ಟು ಹೆಮ್ಮೆಯ ದನಿಯನ್ನು ಅವನಲ್ಲಿ ನಾನು ಕೇಳಿ ಬಹಳ ವರ್ಷವಾಗಿತ್ತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಬೇಟೆ ಆಡಿದ ಹಿರಿಯರಿದ್ದರೆ ಅವರನ್ನು ಜರೆಯಬೇಡಿ. ಪಕ್ಕದಲ್ಲಿ ಕೂತು ಕೇಳಿ: ನೆಲ ಹೇಗೆ ನೋಡುತ್ತಿದ್ದಿರಿ, ಯಾವಾಗ ತಿರುಗಿ ಬರುತ್ತಿದ್ದಿರಿ, ಪಾಲು ಹೇಗೆ ಹಂಚುತ್ತಿದ್ದಿರಿ? ಅದನ್ನು ಕಲಿತುಕೊಳ್ಳಿ. ಕೊಲ್ಲುವುದನ್ನು ಮಾತ್ರ ಬಿಡಿ. ಅಂದಿನ ಕಾಡಿಗೆ ಒಂದು ದಿನದ ಬೇಟೆ ಭಾರವಾಗಿರಲಿಲ್ಲ, ಇಂದಿನ ಕಾಡಿಗೆ ಒಂದು ಮೊಲವೂ ಭಾರ. ಉರುಳು ಕಂಡರೆ ಅರಣ್ಯ ಕಚೇರಿಗೆ ತಿಳಿಸಿ. ಅದರಲ್ಲಿ ಕಾಡುಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಬೇಡಿ, ಜನ ಸೇರಿಸಬೇಡಿ, ಕರೆ ಮಾಡಿ ದೂರ ನಿಲ್ಲಿ. ಯಾರಾದರೂ ಹಳೇ ವೈರ್ ಕೇಳಿದರೆ, ಯಾವ ಬಟ್ಟೆ ಒಣಗಿಸುತ್ತೀರಿ ಎಂದು ಒಮ್ಮೆ ಕೇಳಿ.

ಈ ವರ್ಷದ ಬೇಟೆ ದಿನ ಭಾನುವಾರ ಬಂತು. ಮಂಡಿನೋವೆಂದು ತಮ್ಮ ಜಗಲಿಯಲ್ಲೇ ಉಳಿದ, ಮೊಮ್ಮಗಳು ಅವನ ಮಡಿಲಲ್ಲಿದ್ದಳು. ನೆಲ ನೋಡಲು ಮುಂದೆ ಹೊರಟವಳು ಅವನ ಮಗಳು. ಹಿಂದೆ ಕಟರ್ ಹಿಡಿದು ಅಳಿಯ, ಅವನ ಹಿಂದೆ ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ಚುರುಕಿ.