ಪಟ್ಟಿ ತೆಗೆಯದ ದೊಡ್ಡಮ್ಮ

ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಇದ್ದಿದ್ದರೆ ಪುಟ್ಟಿಯ ಎಡಗಣ್ಣು ಇಷ್ಟು ಹೊತ್ತಿಗೆ ಸರಿಹೋಗಿರುತ್ತಿತ್ತು.

ಐದು ವರ್ಷದ ಪುಟ್ಟಿಗೆ ಬಲಗಣ್ಣು ಚುರುಕು, ಎಡಗಣ್ಣು ಮಂದ. ಎಷ್ಟು ಮಂದವೆಂದರೆ, ಅದೊಂದರಿಂದಲೇ ನೋಡಿದರೆ ಎದುರಿಗಿರುವುದು ಅಪ್ಪನೋ ಕಪಾಟೋ ಅವಳಿಗೆ ತಿಳಿಯುತ್ತಿರಲಿಲ್ಲ. ಕನ್ನಡಕ ಹಾಕಿಸಿದ್ದಾಗಿತ್ತು. ಬರೀ ಕನ್ನಡಕದಿಂದ ಆಗುವ ಕೆಲಸ ಇದಲ್ಲ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದ್ದರು. ಒಳ್ಳೆಯ ಕಣ್ಣು ಎಲ್ಲ ಕೆಲಸವನ್ನೂ ತಾನೇ ಮಾಡಿ ಮುಗಿಸುವುದರಿಂದ ಇನ್ನೊಂದು ಮೈಗಳ್ಳತನ ಕಲಿತಿದೆ. ದಿನಾ ಮಧ್ಯಾಹ್ನದಿಂದ ಸಂಜೆಯವರೆಗೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಮಂದಗಣ್ಣನ್ನು ದುಡಿಸಬೇಕು. ಈಗ ಬಿಟ್ಟರೆ ಮಿದುಳು ಆ ಕಣ್ಣನ್ನೇ ಮರೆತುಬಿಡುತ್ತದೆ, ದೊಡ್ಡವಳಾದ ಮೇಲೆ ಬಂದು ಕಾಲಿಗೆ ಬಿದ್ದರೂ ತನ್ನಿಂದ ಏನೂ ಆಗದು ಎಂದಿದ್ದರು. ಮನೆಯವರೆಲ್ಲ ತಲೆಯಾಡಿಸಿದ್ದರು. ತಲೆಯಾಡಿಸುವುದರಲ್ಲಿ ಆ ಮನೆಯವರನ್ನು ಮೀರಿಸುವವರಿರಲಿಲ್ಲ.

ಆರು ತಿಂಗಳ ನಂತರ ಅದೇ ಡಾಕ್ಟರಮ್ಮ ಪುಟ್ಟಿಯ ಒಳ್ಳೆಯ ಕಣ್ಣನ್ನು ಮುಚ್ಚಿ, ಗೋಡೆಯ ಮೇಲಿನ ಚಿತ್ರಗಳ ಸಾಲನ್ನು ತೋರಿಸಿದರು. ಪುಟ್ಟಿ ಎಲ್ಲಕ್ಕಿಂತ ಮೇಲಿನ ಅತಿ ದೊಡ್ಡ ಆನೆಯನ್ನು ನೋಡಿ "ಬಸ್ಸು" ಎಂದಳು.

"ಪಟ್ಟಿ ಹಾಕ್ತಿದ್ದೀರಾ ನಿಜವಾಗ್ಲೂ?" ಎಂದು ಡಾಕ್ಟರಮ್ಮ ಕೇಳಿದರು.

"ದಿನಾ! ಒಂದು ದಿನಾನೂ ತಪ್ಪಿಸಿಲ್ಲ," ಎಂದು ಅಜ್ಜ, ಅಜ್ಜಿ, ಅಪ್ಪ, ಅಮ್ಮ ನಾಲ್ವರೂ ಒಟ್ಟಿಗೆ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ಪಟ್ಟಿ ದಿನಾ ಹಾಕುತ್ತಿದ್ದರು. ತೆಗೆಯುತ್ತಿದ್ದುದರ ಬಗ್ಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಅದು ಹೊರಬಿದ್ದದ್ದು ಮನೆಗೆ ಬಂದ ಮೇಲೆ, ಅಡುಗೆಮನೆಯಲ್ಲಿ. ಡಾಕ್ಟರು ಸರಿಯಿಲ್ಲ, ಬೇರೆಯವರಿಗೆ ತೋರಿಸಬೇಕು ಎಂದು ಅಜ್ಜಿ ತೀರ್ಪು ಕೊಡುತ್ತಿದ್ದಾಗ, ಮೇಲಿನ ಮಹಡಿಯ ದೊಡ್ಡಮ್ಮ ಇಸಕೊಂಡು ಹೋಗಿದ್ದ ಪಾತ್ರೆ ಹಿಂದಿರುಗಿಸಲು ಕೆಳಗೆ ಬಂದಳು. ಬಂದವಳು ಎಲ್ಲವನ್ನೂ ಕೇಳಿ, ಪುಟ್ಟಿಯ ಮುಂದೆ ನಿಂತು ನೆಟ್ಟಗೆ ಕೇಳಿದಳು:

"ಪಟ್ಟಿ ಯಾರು ತೆಗೀತಾರೆ?"

"ಅಜ್ಜಿ ತೆಗೀತಾರೆ, ಊಟ ಚೆಲ್ಲಬಾರದು ಅಂತ," ಎಂದಳು ಪುಟ್ಟಿ. ಅವಳಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ಆಮೇಲೆ ಅಜ್ಜ, ಕಾರ್ಟೂನ್ ಬರೋವಾಗ. ಅಪ್ಪ ಬಂದ್ರೆ ನನ್ನ ಮುಖ ಪೂರ್ತಿ ನೋಡ್ಬೇಕಂತೆ."

"ಒಂಚೂರು ಹೊತ್ತು ಕಣಮ್ಮ, ಅಷ್ಟೇ!" ಎಂದು ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡರು. "ಮಗು ತಟ್ಟೆ ತಡಕಾಡ್ತಿದ್ರೆ ನನ್ನ ಕರುಳು ಕಿವುಚಿದ ಹಾಗಾಗುತ್ತೆ. ನಾನೊಬ್ಬಳು ತಾನೇ ಅಂತ..."

"ನೀನೂ ತೆಗೀತಿದ್ಯಾ?" ಎಂದು ಅಜ್ಜ ಬೆರಗಾದರು. ತಾನೊಬ್ಬನೇ ಕಳ್ಳ ಎಂದು ಅವರು ತಿಂಗಳುಗಟ್ಟಲೆ ಒಳಗೊಳಗೇ ಬೇಯುತ್ತಿದ್ದರು.

ಪುಟ್ಟಿಯ ಅಮ್ಮ ಮಾತ್ರ ಎಲ್ಲರನ್ನೂ ಸುಟ್ಟುಬಿಡುವ ಹಾಗೆ ನೋಡುತ್ತ ನಿಂತಿದ್ದಳು. ಆಗ ಪುಟ್ಟಿ ನೆನಪು ಮಾಡಿಕೊಂಡು ಹೇಳಿದಳು, "ಅಮ್ಮ ಸುಮ್ಸುಮ್ನೆ ತೆಗೆಯಲ್ಲ. ಅಮ್ಮಂಗೆ ಅಳು ಬಂದಾಗ ಮಾತ್ರ ತೆಗೀತಾಳೆ."

ಎಲ್ಲರ ಚೂರುಪಾರು ಕರುಣೆಯನ್ನು ಕೂಡಿಸಿದರೆ ಇಡೀ ಮಧ್ಯಾಹ್ನವೇ ಮುಗಿಯುತ್ತಿತ್ತು. ಪಟ್ಟಿ ಪುಟ್ಟಿಯ ಕಣ್ಣಿನ ಮೇಲಿರುವುದಕ್ಕಿಂತ ಹೆಚ್ಚಾಗಿ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿರುತ್ತಿತ್ತು.

ಇನ್ನು ಮುಂದೆ ಪಟ್ಟಿ ಕಾಯುವವರು ಯಾರು? ಒಬ್ಬೊಬ್ಬರಾಗಿ ಎಲ್ಲರೂ ದೊಡ್ಡಮ್ಮನ ಕಡೆಗೆ ತಿರುಗಿದರು. ಇಲಿ ಹಿಡಿಯಬೇಕಾದಾಗ ಬೆಕ್ಕಿನ ಕಡೆಗೆ ತಿರುಗುವ ಹಾಗೆ.

ದೊಡ್ಡಮ್ಮ ಪುಟ್ಟಿಯ ಅಪ್ಪನ ಅಣ್ಣನ ಹೆಂಡತಿ. ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಬೆಳಗಿನ ಪಾಳಿಯಲ್ಲಿ ಆಕೆ ಬಟ್ಟೆ ಕಾರ್ಖಾನೆಯ ಚೆಕಿಂಗ್ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಹೊಲಿದು ಬಂದ ಅಂಗಿಗಳ ಕಾಲರು, ತೋಳು, ಗುಂಡಿ ಎಲ್ಲವನ್ನೂ ತಿರುವಿ ನೋಡಿ, ಒಂದು ಹೊಲಿಗೆ ತಪ್ಪಿದ್ದರೂ ಅಲ್ಲಿಗೊಂದು ಕೆಂಪು ಬಾಣದ ಸ್ಟಿಕರ್ ಅಂಟಿಸಿ ಹಿಂದಕ್ಕೆ ತಳ್ಳುವುದು ಆಕೆಯ ಕೆಲಸ. ಹೊಲಿಯುವ ಹುಡುಗಿಯರು ಬೆನ್ನ ಹಿಂದೆ 'ರಿಜೆಕ್ಟಮ್ಮ' ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ತನ್ನ ಇಬ್ಬರು ಗಂಡುಮಕ್ಕಳನ್ನೂ ಹೀಗೇ ತಿರುವಿ ತಿರುವಿ ನೋಡಿ ಬೆಳೆಸಿದ್ದಳು. ಅವರೀಗ ಬೇರೆ ಊರಲ್ಲಿ ಸಂಸಾರ ಮಾಡಿಕೊಂಡಿರುವ ಮೀಸೆ ಬಂದ ಗಂಡಸರು. ಫೋನಿನಲ್ಲಿ ಅಮ್ಮನ ದನಿ ಕೇಳಿದರೆ ಈಗಲೂ ಕುಳಿತಲ್ಲಿಂದ ಎದ್ದು ನಿಲ್ಲುತ್ತಿದ್ದರಂತೆ.

"ನಿನಗಾದ್ರೆ ಆಗುತ್ತೆ," ಎಂದರು ಅಜ್ಜಿ. "ನಿನ್ನ ಮನಸ್ಸು ಗಟ್ಟಿ."

ಇದು ಹೊಗಳಿಕೆಯಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. "ಕಳ್ಸಿ," ಎಂದಳು. "ಆದ್ರೆ ಯಾರೂ ಮೇಲಕ್ಕೆ ಬರಕೂಡದು."

ಮರುದಿನ ಮಧ್ಯಾಹ್ನ ಪುಟ್ಟಿಯನ್ನು ಮೆಟ್ಟಿಲು ಹತ್ತಿಸಿ ಬಿಟ್ಟು ಹೋದರು. ದೊಡ್ಡಮ್ಮ ಬಾಗಿಲ ಚಿಲಕ ಹಾಕಿದಳು, ಪಟ್ಟಿಯನ್ನು ಅಂಚು ಏಳದ ಹಾಗೆ ಒತ್ತಿ ಅಂಟಿಸಿದಳು, ಅದರ ಮೇಲೆ ಕನ್ನಡಕ ಏರಿಸಿದಳು. ಪುಟ್ಟಿ ಬೀದಿಯವರಿಗೆಲ್ಲ ಕೇಳುವ ಹಾಗೆ ಕಿರುಚಿದಳು.

"ಅಳು," ಎಂದಳು ದೊಡ್ಡಮ್ಮ. "ಒದ್ದೆಯಾದ್ರೆ ಬೇರೆ ಪಟ್ಟಿ ಇದೆ. ಒಂದು ಡಬ್ಬಿ ತುಂಬ ಇದೆ."

ಈ ಮಾತಿಗೆ ಪುಟ್ಟಿ ದಂಗಾಗಿ ಅಳು ನಿಲ್ಲಿಸಿದಳು. ಇಂಥ ಉತ್ತರ ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಕಾರ್ಖಾನೆಯಲ್ಲಿ ಕಸಕ್ಕೆ ಹೋಗುವ ಗುಂಡಿಗಳನ್ನು ದೊಡ್ಡಮ್ಮ ಒಂದು ಚೀಲದಲ್ಲಿ ತಂದಿದ್ದಳು. ಹಳೆಯ ಬೆಡ್‌ಶೀಟಿನ ಮೇಲೆ ಸುರಿದು, ಬಿಳಿಯದನ್ನು ಒಂದು ಕಡೆ, ಕಪ್ಪನ್ನು ಒಂದು ಕಡೆ ಹಾಕು ಎಂದಳು. ಪುಟ್ಟಿ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ಎರಡೂ ಕೈಯಿಂದ ತಡಕಾಡಿದಳು. ಗುಂಡಿ ಎಂದು ತನ್ನದೇ ಕಾಲ್ಬೆರಳನ್ನು ಹಿಡಿದಳು. ನೀರು ಬೇಕೆಂದು ಎದ್ದು ಕುರ್ಚಿಗೆ ಎಡವಿದಳು. ಮತ್ತೆ ಕುಳಿತು, ಎದುರಿಗೇ ಕುಳಿತಿದ್ದ ದೊಡ್ಡಮ್ಮನ ಕಡೆಗೆ ಮುಖ ಮಾಡಿ, "ದೊಡ್ಡಮ್ಮಾ, ನೀವು ಎಲ್ಲಿದ್ದೀರಾ? ಹೋಗ್ಬಿಟ್ರಾ?" ಎಂದು ಕೇಳಿದಳು.

ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿತು. ಏನಿದು ಎಂದು ಅವಳಿಗೇ ಗಾಬರಿಯಾಯಿತು. ಹೆತ್ತ ಮಕ್ಕಳು ಬಿದ್ದು ಮೊಣಕಾಲು ಒಡೆದುಕೊಂಡಾಗಲೂ "ಎದ್ದೇಳು" ಎಂದಷ್ಟೇ ಹೇಳಿದವಳು ಅವಳು. ಕಣ್ಣೊರೆಸಲು ಸೆರಗು ಎತ್ತಿದಳು. ಆಮೇಲೆ ಸುತ್ತಲೂ ನೋಡಿದಳು. ಬಾಗಿಲು ಹಾಕಿತ್ತು. ಕೋಣೆಯಲ್ಲಿದ್ದ ಒಂದೇ ಒಂದು ಸಾಕ್ಷಿಗೆ ಏನೂ ಕಾಣುತ್ತಿರಲಿಲ್ಲ. ದೊಡ್ಡಮ್ಮ ಸೆರಗನ್ನು ಕೆಳಗೆ ಬಿಟ್ಟು ನಿಶ್ಚಿಂತೆಯಿಂದ ಅತ್ತಳು.

ದನಿ ಮಾತ್ರ ಅಲುಗಬಾರದಿತ್ತು. ಹೊಲಿಗೆ ಮಿಷನ್ನುಗಳ ಗದ್ದಲದ ಮಧ್ಯೆ ಇಡೀ ಜೀವನ ಕೂಗಿ ಪಳಗಿದ ದನಿ ಅದು, ಅಲುಗಲಿಲ್ಲ. "ಇಲ್ಲೇ ಇದ್ದೀನಿ. ಅದು ಕಪ್ಪು ಗುಂಡಿ. ತಪ್ಪು ಹಾಕಿದ್ದೀಯ, ತೆಗಿ," ಎಂದಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ಇದೇ ದಿನಚರಿಯಾಯಿತು. ಗುಂಡಿ ಮುಗಿದ ಮೇಲೆ, ಕಾರ್ಖಾನೆಯಿಂದ ತಂದ ತಿರಸ್ಕೃತ ಅಂಗಿಯ ಮೇಲೆ ಕೆಂಪು ಬಾಣ ಎಲ್ಲಿದೆ ಎಂದು ಹುಡುಕುವ ಆಟ ಬಂತು. ಪುಟ್ಟಿ ತಡಕುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಮತ್ತೆ ತಡಕುತ್ತಿದ್ದಳು. ದೊಡ್ಡಮ್ಮ ಎದುರಿಗೆ ಕುಳಿತು ಬೈಯುತ್ತಿದ್ದಳು, ಅಳುತ್ತಿದ್ದಳು. ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದೆನೋ ಇದನ್ನೆಲ್ಲ ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಹಾಯಾಗಿ ಅವಳು ಯಾರ ಮುಂದೆಯೂ ಕುಳಿತಿದ್ದಿಲ್ಲ.

ಕೆಳಗಿನ ಮನೆಯವರಿಗೆ ಕೇಳಿಸುತ್ತಿದ್ದುದು ಬೈಗುಳ ಮಾತ್ರ. ಅಜ್ಜಿ ಚಾವಣಿಯ ಕಡೆ ನೋಡಿ "ಕಲ್ಲು, ಕಲ್ಲು" ಎಂದು ಗೊಣಗುತ್ತಿದ್ದರು. ಅಪ್ಪ ಮೆಟ್ಟಿಲಲ್ಲಿ ಎದುರಾದರೆ ಅತ್ತಿಗೆಯ ಮುಖ ನೋಡದೆ ಇಳಿದು ಹೋಗುತ್ತಿದ್ದ. ಒಂದು ದಿನ ಪುಟ್ಟಿಯ ಅಮ್ಮ ತಡೆಯಲಾರದೆ ಮೇಲೆ ಬಂದು ಬಾಗಿಲು ಬಡಿದಳು.

"ಅಕ್ಕಾ, ಇವತ್ತೊಂದಿನ ಬಿಟ್ಬಿಡಿ. ಬಾಗಿಲು ತೆಗೀರಿ ಅಕ್ಕಾ."

ದೊಡ್ಡಮ್ಮ ಚಿಲಕದವರೆಗೆ ಹೋದಳು. ಮುಖವೆಲ್ಲ ತೊಯ್ದಿತ್ತು, ಮೂಗು ಕೆಂಪಾಗಿತ್ತು. ಈ ಮುಖವನ್ನು ಓರಗಿತ್ತಿ ನೋಡಿದರೆ ಇಬ್ಬರೂ ತಬ್ಬಿಕೊಂಡು ಅತ್ತು ಪಟ್ಟಿ ಕಿತ್ತೆಸೆಯುವುದು ಖಂಡಿತ. "ತೆಗೆಯಲ್ಲ, ಹೋಗು," ಎಂದಳು.

"ನಿಮಗೆ ಹೃದಯ ಅನ್ನೋದು ಇದೆಯಾ?" ಎಂದು ಬಾಗಿಲಾಚೆಯಿಂದ ಅಮ್ಮ ಕೇಳಿದಳು. ದೊಡ್ಡಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಪುಟ್ಟಿಯ ಮುಂದೆ ಹೋಗಿ ಕುಳಿತಳು.

ಹೀಗೆ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಪುಟ್ಟಿ ಅಂಗಿಯ ಬಾಣವನ್ನು ಹುಡುಕುವುದನ್ನು ಬಿಟ್ಟು ತಲೆಯೆತ್ತಿ ಕುಳಿತಳು. ಕುತ್ತಿಗೆಯನ್ನು ಅತ್ತಿತ್ತ ವಾಲಿಸಿದಳು.

"ದೊಡ್ಡಮ್ಮಾ, ನಿಮ್ಮ ಕೆನ್ನೆ ಮೇಲೆ ಏನೋ ಹೊಳೀತಿದೆ."

ದೊಡ್ಡಮ್ಮ ಥಟ್ಟನೆ ಕೆನ್ನೆ ಒರೆಸಿಕೊಂಡಳು. "ಬೆವರು."

"ಬೆವರು ಕಣ್ಣಿಂದ ಬರಲ್ಲ." ಪುಟ್ಟಿ ಮಂಡಿಯೂರಿ ಹತ್ತಿರ ಬಂದಳು. "ಈಗ ಇನ್ನೊಂದು ಬಂತು. ಇಳೀತಿದೆ. ಇಳೀತಿದೆ... ಬಿತ್ತು! ನೀವು ಅಳ್ತಿದ್ದೀರಾ!"

ಕಣ್ಣು ಕೆಲಸಕ್ಕೆ ಬಂದಿತ್ತು. ಆನೆಯನ್ನು ಬಸ್ಸು ಎಂದ ಕಣ್ಣು ಒಂದು ಹನಿ ನೀರನ್ನು ಹಿಡಿದಿತ್ತು. ದೊಡ್ಡಮ್ಮನಿಗೆ ಕುಣಿಯಬೇಕೆನ್ನಿಸಿತು. ಆದರೆ ಅದಕ್ಕೆ ಪುಟ್ಟಿ ಸಮಯ ಕೊಡಲಿಲ್ಲ. ಬಹಳ ಸಹಜವಾಗಿ ಮುಖವನ್ನು ಮುಂದಕ್ಕೆ ಚಾಚಿ, "ಹಾಗಾದ್ರೆ ಪಟ್ಟಿ ತೆಗೀರಿ," ಎಂದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆ ಮನೆಯಲ್ಲಿ ಅವಳನ್ನು ನೋಡಿ ಮರುಗಿದವರೆಲ್ಲ ಪಟ್ಟಿ ತೆಗೆದಿದ್ದರು. ದೊಡ್ಡಮ್ಮ ತೆಗೆಯದಿದ್ದುದು ಅವಳಿಗೆ ಅಳು ಬಾರದ್ದರಿಂದ. ಈಗ ಬಂದಿದೆಯಲ್ಲ.

ದೊಡ್ಡಮ್ಮನ ಕೈ ಮೇಲೆದ್ದಿತು. ಪಟ್ಟಿಯ ಅಂಚಿನವರೆಗೂ ಹೋಯಿತು. ಇವತ್ತೊಂದಿನ, ಕಣ್ಣು ಕಂಡ ಖುಷಿಗೆ, ಒಂಚೂರು ಹೊತ್ತು. ಆ ಮಾತು ಮನಸ್ಸಿನಲ್ಲಿ ಅತ್ತೆಯ ದನಿಯಲ್ಲೇ ಕೇಳಿಸಿತು. ಕೈ ಅಲ್ಲೇ ನಿಂತಿತು. ಸಡಿಲವಾಗಿದ್ದ ಅಂಚನ್ನು ಬೆರಳಿಂದ ಒತ್ತಿ ಮತ್ತೆ ಅಂಟಿಸಿದಳು.

"ತೆಗೆಯಲ್ಲ," ಎಂದಳು. ಈ ಸಲ ದನಿ ಒಡೆದೇ ಹೋಯಿತು. "ಅಳ್ತಾ ಇದ್ದೀನಿ, ನಿಜ. ದಿನಾ ಅಳ್ತೀನಿ. ಆದ್ರೂ ತೆಗೆಯಲ್ಲ ಕಣೇ."

ಪುಟ್ಟಿ ಆ ಮುಖವನ್ನು ಎಡಗಣ್ಣಿನಿಂದ ತುಂಬ ಹೊತ್ತು ನೋಡಿದಳು. ಆಮೇಲೆ ಹಿಂದಕ್ಕೆ ಸರಿದು, ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡು ಬಾಣ ಹುಡುಕತೊಡಗಿದಳು.

ಮುಂದಿನ ಪರೀಕ್ಷೆಗೆ ಇಡೀ ಮನೆ ಹೊರಟಿತು. ದೊಡ್ಡಮ್ಮನನ್ನು ಯಾರೂ ಕರೆದಿರಲಿಲ್ಲ, ತಾನೇ ರಜೆ ಹಾಕಿ ಬಂದು ಬಾಗಿಲ ಹತ್ತಿರ ನಿಂತಳು. ಪುಟ್ಟಿ ಆನೆ ಎಂದಳು, ಕೊಡೆ ಎಂದಳು, ಅದರ ಕೆಳಗಿನ ಸಾಲಿನ ಮೀನು, ಅದಕ್ಕೂ ಕೆಳಗಿನ ಬೀಗದ ಕೈ ಎಲ್ಲ ಹೇಳಿದಳು. ಡಾಕ್ಟರಮ್ಮ ಅಮ್ಮನ ಕೈ ಹಿಡಿದುಕೊಂಡು, "ಇದು ತಾಯಿಯಿಂದ ಮಾತ್ರ ಆಗೋ ಕೆಲಸ," ಎಂದರು. ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ನಾವೆಲ್ಲ ಪ್ರೀತಿಯಿಂದ ನೋಡ್ಕೊಂಡ್ವಿ ಡಾಕ್ಟ್ರೇ," ಎಂದರು ಅಜ್ಜಿ.

ಡಾಕ್ಟರಮ್ಮ ನಗುತ್ತ ಪುಟ್ಟಿಯನ್ನು ಕೇಳಿದರು, "ಈ ಕಣ್ಣಿಂದ ಮನೇಲಿ ಏನೇನು ಕಾಣುತ್ತೆ ಹೇಳು."

"ಗುಂಡಿ ಕಾಣುತ್ತೆ. ಬಾಣ ಕಾಣುತ್ತೆ," ಎಂದಳು ಪುಟ್ಟಿ. "ದೊಡ್ಡಮ್ಮ ಅಳೋದು ಕಾಣುತ್ತೆ."

ಅಪ್ಪ ಫಕ್ಕನೆ ನಕ್ಕ, ಅಜ್ಜನೂ ನಕ್ಕರು. ಅಜ್ಜಿ ಮಾತ್ರ ಮೊಮ್ಮಗಳ ತಲೆ ನೇವರಿಸಿ, ಮರುಕದಿಂದ ಡಾಕ್ಟರಮ್ಮನಿಗೆ ಹೇಳಿದರು, "ಪಾಪ, ಮಗುಗೆ ಇನ್ನೂ ಸರಿಯಾಗಿ ಕಾಣ್ತಿಲ್ಲ."

ಡಾಕ್ಟರಮ್ಮ ಬಾಗಿಲ ಹತ್ತಿರ ನಿಂತಿದ್ದ ಹೆಂಗಸಿನ ಕಡೆಗೆ ತಿರುಗಿದರು. ಪುಟ್ಟಿಯೂ ಎರಡೂ ಕಣ್ಣುಗಳಿಂದ ತಿರುಗಿ ನೋಡಿದಳು.

"ಹೌದು, ಇನ್ನೂ ಪೂರ್ತಿ ಸರಿಹೋಗಿಲ್ಲ," ಎಂದಳು ದೊಡ್ಡಮ್ಮ, ಕಾರ್ಖಾನೆಯ ದನಿಯಲ್ಲಿ. "ಇನ್ನೂ ಸ್ವಲ್ಪ ದಿನ ಮೇಲಕ್ಕೆ ಕಳ್ಸಿ."